ಬರೆಯದ ಗಂಟೆಗೆ ಕೂಲಿಯಿಲ್ಲ: ಕಾಫಿ ತೋಟಗಳಲ್ಲಿ ಹೆಚ್ಚುವರಿ ದುಡಿಮೆಯ ಹಕ್ಕು

ಕೊಯ್ಲಿನ ದಿನಗಳಲ್ಲಿ ಕೊಡಗಿನ ಕಕ್ಕಬೆ ಕಡೆಯ ಯಾವ ತೋಟಕ್ಕೆ ಹೋದರೂ ಮಾಲೀಕರ ಬಾಯಲ್ಲಿ ಒಂದೇ ಮಾತು: ಹಣ್ಣು ಉದುರುತ್ತಿದೆ, ಆಳು ಸಾಲದು. ಆಳುಗಳು ವಾಸಿಸುವ ಲೈನ್ ಮನೆಗಳ ಕಡೆ ಹೋದರೆ ಅಲ್ಲಿನ ಮಾತು ಬೇರೆ: ಕತ್ತಲಾದರೂ ಕೆಲಸ ಮುಗಿಯುವುದಿಲ್ಲ, ಕೈಗೆ ಬರುವುದು ಮಾತ್ರ ಅದೇ ಕೂಲಿ. ಎರಡು ಮಾತೂ ನಿಜವೇ. ಆಳು ಕಡಿಮೆಯಾದಷ್ಟೂ ಇರುವವರ ದಿನ ಉದ್ದವಾಗುತ್ತದೆ. ಹೀಗೆ ಉದ್ದವಾದ ದಿನಕ್ಕೆ ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು, ಕೊಡದಿದ್ದರೆ ಯಾರನ್ನು ಕೇಳಬೇಕು ಎಂಬುದಕ್ಕೆ ನಮ್ಮ ದೇಶದ ಕಾನೂನಿನಲ್ಲಿ ಉತ್ತರವಿದೆ. ಹೆಚ್ಚುವರಿ ಗಂಟೆಗೆ ಎರಡರಷ್ಟು ಕೂಲಿ ಎಂಬುದು ಆ ಉತ್ತರದ ಸಾರ. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಆ ಹಣ ತೋಟದ ಆಳಿನ ಕೈಗೆ ಯಾಕೆ ಸೇರುವುದಿಲ್ಲ ಎಂಬುದು ಈ ಲೇಖನದ ಪ್ರಶ್ನೆ. ಕಾರಣಗಳು ಹಲವು, ಅವುಗಳ ಬೇರು ಒಂದು: ನಮ್ಮ ತೋಟಗಳ ಪುಸ್ತಕದಲ್ಲಿ ಹಾಜರಿ ಇದೆ, ಕಿಲೋ ಇದೆ, ಗಂಟೆ ಇಲ್ಲ.

ಹೆಚ್ಚುವರಿ ಗಂಟೆ ಹುಟ್ಟುವುದೆಲ್ಲಿ?

ಕಾರ್ಖಾನೆಯಲ್ಲಿ ಸೈರನ್ ಕೂಗುತ್ತದೆ, ಪಾಳಿ ಮುಗಿಯುತ್ತದೆ. ತೋಟದ ಕೆಲಸಕ್ಕೆ ಅಂಥ ಗೆರೆಯಿಲ್ಲ. ಬೆಳಿಗ್ಗೆ ಎಂಟಕ್ಕೆ ಹಾಜರಿ, ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ, ಸಂಜೆ ನಾಲ್ಕೂವರೆಗೆ ಕೆಲಸ ಬಿಟ್ಟಂತೆ ಎಂಬುದು ಸಾಮಾನ್ಯ ಲೆಕ್ಕ. ಆದರೆ ಹಣ್ಣು ಕುಯ್ಯುವ ಹೆಂಗಸು ನಾಲ್ಕೂವರೆಗೆ ಗಿಡ ಬಿಟ್ಟ ಕೂಡಲೇ ಮನೆಗೆ ಹೋಗುವುದಿಲ್ಲ. ತುಂಬಿದ ಚೀಲವನ್ನು ಇಳಿಜಾರಿನಿಂದ ರಸ್ತೆಗೆ ಹೊತ್ತು ತರಬೇಕು. ತಾಡಪಾಲಿನ ಮೇಲೆ ಸುರಿದು ಕಾಯಿ, ಎಲೆ, ಕಡ್ಡಿ ಆರಿಸಬೇಕು. ಆಮೇಲೆ ತೂಕಕ್ಕೆ ಸಾಲು ನಿಲ್ಲಬೇಕು. ಮೇಸ್ತ್ರಿ ಕೂಗಿ ಹೇಳಿದ ಕಿಲೋವನ್ನು ರೈಟರ್ ಬರೆದುಕೊಂಡ ಮೇಲೆಯೇ ಅವಳ ದಿನ ಮುಗಿಯುವುದು. ಈ ಹೊರುವ, ಆರಿಸುವ, ಕಾಯುವ ಹೊತ್ತು ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ಕೂಲಿ ಕಿಲೋ ಲೆಕ್ಕದ್ದಾದರೆ ಗಂಟೆಯ ಪ್ರಶ್ನೆಯೇ ಏಳುವುದಿಲ್ಲ ಎಂದು ಮಾಲೀಕರೂ ಆಳುಗಳೂ ನಂಬಿಬಿಟ್ಟಿದ್ದಾರೆ.

ಅರೇಬಿಕಾ ಹಣ್ಣಿನದು ಇನ್ನೊಂದು ತರಹ. ಕುಯ್ದ ಹಣ್ಣನ್ನು ಅದೇ ದಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕದಿದ್ದರೆ ಹುಳಿತು ಗುಣ ಕೆಡುತ್ತದೆ. ಹಾಗಾಗಿ ಕುಯ್ಯುವವರ ಕೆಲಸ ಮುಗಿದ ಮೇಲೆ ಪಲ್ಪರ್ ಮನೆಯ ಕೆಲಸ ಶುರು. ರಾತ್ರಿಯಾದರೂ ಕೊನೆಯ ಚೀಲ ಮುಗಿಯುವ ತನಕ ಅಲ್ಲಿ ಆಳು ನಿಲ್ಲಲೇಬೇಕು. ಏಲಕ್ಕಿ ಒಣಗಿಸುವ ಮನೆಯಲ್ಲಿ ಬೆಂಕಿ ಆರದಂತೆ, ಬಿಸಿ ಏರದಂತೆ ರಾತ್ರಿಯಿಡೀ ಒಬ್ಬರು ನೋಡಿಕೊಳ್ಳಬೇಕು. ರೊಬಸ್ಟಾಕ್ಕೆ ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಹಾಕುತ್ತಾರೆ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಪಂಪಿನವನ ಕೆಲಸವೂ ರಾತ್ರಿಯೇ. ಕಣದಲ್ಲಿ ಒಣಗುವ ಕಾಫಿಗೆ ಕಾವಲು ಬೇಕು. ಇವೆಲ್ಲ ಬೆಳೆಯ ಗುಣದಿಂದಲೇ ಬಂದ ಕೆಲಸಗಳು, ತಪ್ಪಿಸಲಾಗದವು. ತಪ್ಪಿಸಲಾಗದ ಕೆಲಸವೆಂದ ಮಾತ್ರಕ್ಕೆ ಪುಕ್ಕಟೆ ಕೆಲಸವಾಗಬಾರದು. ಕತ್ತಲಲ್ಲಿ ಮನೆಗೆ ನಡೆಯುವ ದಾರಿಯಲ್ಲಿ ಆನೆಯ ಭಯವಿರುವ ಕೊಡಗಿನಲ್ಲಿ ಸಂಜೆಯ ಒಂದು ಗಂಟೆಗೆ ಹಗಲಿನ ಗಂಟೆಗಿಂತ ಹೆಚ್ಚಿನ ಬೆಲೆಯಿದೆ.

ನೂರು ವರ್ಷದ ದಾರಿ

1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬಾತ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ. ಆಳುಗಳನ್ನು ಮುಂಗಡ ಕೊಟ್ಟು ಮೇಸ್ತ್ರಿಗಳ ಮೂಲಕ ಮೈಸೂರು ಸೀಮೆ, ತಮಿಳು ಸೀಮೆ, ಕರಾವಳಿಗಳಿಂದ ಕರೆತರುತ್ತಿದ್ದರು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಜೈಲಿಗೆ ಹಾಕಲು 1859ರ ಕರಾರು ಭಂಗದ ಕಾಯ್ದೆ ಇತ್ತು. 1920ರ ದಶಕದ ನಡುವಿನವರೆಗೂ ಅದು ಜಾರಿಯಲ್ಲಿತ್ತು. ಕೆಲಸ ಬಿಡುವುದೇ ಅಪರಾಧವಾಗಿದ್ದ ಕಾಲದಲ್ಲಿ ಹೆಚ್ಚುವರಿ ಗಂಟೆಗೆ ಹಣ ಕೇಳುವ ಮಾತೆಲ್ಲಿ?

ಜಗತ್ತಿನ ಕಡೆ ನೋಡಿದರೆ, 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊದಲ ಒಪ್ಪಂದದಲ್ಲೇ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಭಾರತ ಅದಕ್ಕೆ 1921ರಲ್ಲಿ ಸಹಿ ಹಾಕಿತಾದರೂ ವಾರಕ್ಕೆ 60 ಗಂಟೆಯ ವಿನಾಯಿತಿ ಪಡೆದುಕೊಂಡಿತು. ಡಾ. ಅಂಬೇಡ್ಕರ್ ಅವರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ ಕಾರ್ಖಾನೆಗಳಿಗೆ 48 ಗಂಟೆಯ ವಾರದ ದಾರಿ ತೆರೆಯಿತು. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ದುಪ್ಪಟ್ಟು ವೇತನವನ್ನು ಕಡ್ಡಾಯ ಮಾಡಿತು.

ತೋಟದ ಆಳುಗಳಿಗೆ ಈ ನ್ಯಾಯ ತಡವಾಗಿ ಸಿಕ್ಕಿತು. 1951ರ ತೋಟ ಕಾರ್ಮಿಕರ ಕಾಯ್ದೆ ವಾರಕ್ಕೆ 54 ಗಂಟೆ ಎಂದು ಮಿತಿ ಹಾಕಿ ಸುಮ್ಮನಾಯಿತು. ದುಪ್ಪಟ್ಟು ಕೂಲಿಯ ಮಾತು ಅದಕ್ಕೆ ಸೇರಿದ್ದು 1981ರ ತಿದ್ದುಪಡಿಯಲ್ಲಿ. ಅಂದರೆ ನೂಲಿನ ಗಿರಣಿಯ ಕೆಲಸಗಾರನಿಗೆ ಸಿಕ್ಕ ಹಕ್ಕಿಗಾಗಿ ಕಾಫಿ ತೋಟದ ಕೆಲಸಗಾರ್ತಿ 33 ವರ್ಷ ಕಾಯಬೇಕಾಯಿತು. ಈ ತಾರತಮ್ಯ ನಮ್ಮಲ್ಲಷ್ಟೇ ಇರಲಿಲ್ಲ. ಅಮೆರಿಕದಲ್ಲಿ 1938ರ ಕಾನೂನು ಹೆಚ್ಚುವರಿ ಕೆಲಸಕ್ಕೆ ಒಂದೂವರೆ ಪಟ್ಟು ಕೂಲಿ ಎಂದಿತು, ಆದರೆ ಹೊಲ ತೋಟದವರನ್ನು ಹೊರಗಿಟ್ಟಿತು. ಕ್ಯಾಲಿಫೋರ್ನಿಯಾ ರಾಜ್ಯ 2016ರಲ್ಲಿ ಕಾನೂನು ಮಾಡಿ, ಹಂತಹಂತವಾಗಿ ಅವರನ್ನು ಒಳಗೆ ತಂದಿತು. ಮಣ್ಣಿನ ಕೆಲಸಕ್ಕೆ ಗಡಿಯಾರ ಹಿಡಿಯಲಾಗದು ಎಂಬ ನೆಪ ಎಲ್ಲ ಕಡೆಯೂ ಒಂದೇ.

1981ರ ನಂತರದ ನಿಯಮ ಮತ್ತು ಅದರ ಸಂದುಗಳು

ತಿದ್ದುಪಡಿಯಾದ ಕಾಯ್ದೆಯ 19ನೇ ಕಲಮು ಓದಲು ಸರಳವಾಗಿತ್ತು. ವಯಸ್ಕರಿಗೆ ವಾರಕ್ಕೆ 48 ಗಂಟೆ. ದಿನದ ಸಾಮಾನ್ಯ ಅವಧಿ ಅಥವಾ ವಾರದ 48 ಗಂಟೆ ಮೀರಿದರೆ ಸಾಮಾನ್ಯ ಕೂಲಿಯ ಎರಡರಷ್ಟು. ಹೆಚ್ಚುವರಿ ಸೇರಿಸಿದರೂ ದಿನಕ್ಕೆ 9, ವಾರಕ್ಕೆ 54 ಗಂಟೆ ದಾಟುವಂತಿರಲಿಲ್ಲ. ವಾರದ ರಜೆಯ ದಿನ ಅಥವಾ ತೋಟ ಮುಚ್ಚಿದ ರಜೆಯ ದಿನ ಕೆಲಸ ಮಾಡಿಸಿದರೂ ದುಪ್ಪಟ್ಟು. ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತಾಗುವ ಪುತ್ತರಿ ಹಬ್ಬ ಬರುವುದು ಅರೇಬಿಕಾ ಕೊಯ್ಲಿನ ಹೊತ್ತಿಗೇ. ಹಬ್ಬಕ್ಕೆಂದು ತೋಟ ರಜೆ ಸಾರಿದ ದಿನ ನಾಲ್ಕು ಆಳುಗಳನ್ನು ಕಣಕ್ಕೆ ಕರೆದರೆ ಅವರಿಗೆ ಎರಡು ದಿನದ ಕೂಲಿ ಸಲ್ಲಬೇಕಿತ್ತು.

ಈ ಹಕ್ಕಿಗೆ ಬೆಲೆ ಎಷ್ಟು? ಲೆಕ್ಕ ಸುಲಭವಾಗಲೆಂದು ದಿನದ ಕೂಲಿ ₹480 ಎಂದಿಟ್ಟುಕೊಳ್ಳೋಣ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ ₹60, ಹೆಚ್ಚುವರಿ ಗಂಟೆಗೆ ₹120. ಕೊಯ್ಲಿನ 12 ವಾರ, ವಾರಕ್ಕೆ 6 ದಿನ, ದಿನಕ್ಕೆ ಒಂದೇ ಗಂಟೆ ಹೆಚ್ಚು ದುಡಿದರೆ 72 ಗಂಟೆ, ₹8,640. ಅದು 18 ದಿನದ ಕೂಲಿ. ಒಂದು ಮನೆಯ ಮಕ್ಕಳ ವರ್ಷದ ಶಾಲೆಯ ಖರ್ಚು ಇದರಲ್ಲಿ ಕಳೆದೀತು. ಸಂಜೆಯ ಆ ಒಂದು ಗಂಟೆಯನ್ನು ಸಣ್ಣ ಸಹಾಯವೆಂದು ಕರೆಯುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಕಾಯ್ದೆಯಲ್ಲಿ ಸಂದುಗಳಿದ್ದವು. ಮೊದಲನೆಯದು ಅಳತೆಯದು. 5 ಹೆಕ್ಟೇರ್ ಮತ್ತು ಅದಕ್ಕೂ ಹೆಚ್ಚಿನ, 15 ಅಥವಾ ಹೆಚ್ಚು ಆಳುಗಳಿರುವ ತೋಟಗಳಿಗಷ್ಟೇ ಅದು ಅನ್ವಯಿಸುತ್ತಿತ್ತು. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಕಕ್ಕಬೆ, ನಾಪೋಕ್ಲು ಕಡೆಯ ಐದಾರು ಏಕರೆಯ ತೋಟಗಳು ಈ ಗೆರೆಯ ಆಚೆಯೇ ಉಳಿದವು. ಅಲ್ಲಿ ದುಡಿಯುವವರಿಗೆ 1948ರ ಕನಿಷ್ಠ ವೇತನ ಕಾಯ್ದೆಯ ಆಸರೆ ಮಾತ್ರ ಇತ್ತು. ಅದರ ಕೇಂದ್ರ ನಿಯಮಗಳು ಬೇರೆ ಉದ್ಯೋಗಗಳಿಗೆ ದುಪ್ಪಟ್ಟು ಎಂದರೆ ಕೃಷಿಗೆ ಒಂದೂವರೆ ಪಟ್ಟು ಎಂದಿದ್ದವು.

ಎರಡನೆಯ ಸಂದು ಹಣದ ಮಿತಿಯದು. ತಿಂಗಳಿಗೆ ಇಷ್ಟಕ್ಕಿಂತ ಹೆಚ್ಚು ಪಡೆಯುವವರು ಕಾಯ್ದೆಯ ಕಣ್ಣಿಗೆ ಕಾರ್ಮಿಕರೇ ಅಲ್ಲ ಎಂಬ ಮಾತು ಅದರಲ್ಲಿತ್ತು. 1981ರಲ್ಲಿ ₹750 ಇದ್ದ ಆ ಮಿತಿಯನ್ನು 2010ರಲ್ಲಿ ₹10,000ಕ್ಕೆ ಏರಿಸಿದರು. ದಿನಗೂಲಿ ₹400 ಮುಟ್ಟಿದರೆ 26 ದಿನಕ್ಕೆ ₹10,400. ಹೊಟ್ಟೆಪಾಡಿನ ಕೂಲಿ ಪಡೆಯುವವಳೇ ಕಾಯ್ದೆಯ ಹೊರಗೆ ಬಿದ್ದಳು.

ಮೂರನೆಯದು ನ್ಯಾಯಾಲಯದ ತೀರ್ಪಿನಿಂದ ಬಂದದ್ದು. ಹಟ್ಟಾ ಪುರಸಭೆಯ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನ ಕಾಯ್ದೆಯಡಿ ಓಟಿ (ಹೆಚ್ಚುವರಿ ದುಡಿಮೆಯ ಕೂಲಿ) ಕೇಳುವ ಹಕ್ಕು ಕನಿಷ್ಠ ದರದ ವೇತನ ಪಡೆಯುವವರಿಗಷ್ಟೇ ಇದೆ, ಅದಕ್ಕಿಂತ ಹೆಚ್ಚು ಪಡೆಯುವವರಿಗಿಲ್ಲ ಎಂದಿತು. ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು ಗಂಟೆಗಳ ಲೆಕ್ಕದಿಂದ ಪಾರಾಗುವ ದಾರಿ ಇದರಿಂದ ತೆರೆಯಿತು. ಇದರ ಮೇಲೆ ಆ ಕಾಯ್ದೆಯಡಿ ಬಾಕಿ ಕೇಳಲು ಇದ್ದ ಕಾಲಾವಕಾಶ ಆರೇ ತಿಂಗಳು. ಕೊಯ್ಲು ಮುಗಿದು, ಮಳೆಗಾಲ ಕಳೆದು, ಯಾರನ್ನು ಕೇಳುವುದೆಂದು ತಿಳಿಯುವ ಹೊತ್ತಿಗೆ ಗಡುವು ಮುಗಿದಿರುತ್ತಿತ್ತು.

ಹೊಸ ಸಂಹಿತೆಗಳು ತಂದದ್ದೇನು?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ಈ ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಕಾರ್ಮಿಕ ಸಂಘಟನೆಗಳು ಇವುಗಳ ಹಲವು ಅಂಶಗಳನ್ನು ವಿರೋಧಿಸಿವೆ. ಮುಷ್ಕರ, ಸಂಘ, ಕೆಲಸದಿಂದ ತೆಗೆಯುವ ವಿಷಯಗಳಲ್ಲಿ ಅವರ ಆತಂಕಕ್ಕೆ ಕಾರಣವಿದೆ. ಓಟಿಯ ಮಟ್ಟಿಗೆ ಮಾತ್ರ ಹಳೆಯ ಸಂದುಗಳಲ್ಲಿ ಕೆಲವು ಮುಚ್ಚಿವೆ ಎಂಬುದನ್ನು ಒಪ್ಪಬೇಕು.

ವೇತನ ಸಂಹಿತೆಯ ಕನಿಷ್ಠ ವೇತನದ ನಿಯಮ ಎಲ್ಲ ಉದ್ಯೋಗಕ್ಕೂ ಅನ್ವಯ. ಏಕರೆ, ಆಳಿನ ಸಂಖ್ಯೆ ಎಂಬ ಗೆರೆಯಿಲ್ಲ. ಅದರ 14ನೇ ಕಲಮು ಸಾಮಾನ್ಯ ಕೆಲಸದ ದಿನವನ್ನು ಮೀರಿದ ಪ್ರತಿ ಗಂಟೆಗೂ, ಗಂಟೆಯ ಭಾಗಕ್ಕೂ, ದುಪ್ಪಟ್ಟಿಗೆ ಕಡಿಮೆಯಿಲ್ಲದ ದರ ಕೊಡಬೇಕೆನ್ನುತ್ತದೆ. ಬಾಕಿ ಕೇಳಲು ಮೂರು ವರ್ಷದ ಅವಕಾಶವಿದೆ. ಕೂಲಿ ಕೊಟ್ಟಿಲ್ಲವೆಂದು ದೂರು ಬಂದರೆ, ಕೊಟ್ಟಿದ್ದೇನೆಂದು ತೋರಿಸುವ ಹೊಣೆ ಮಾಲೀಕರದು. ವೇತನ ಚೀಟಿ ಕೊಡುವುದು ಕಡ್ಡಾಯ. ಔದ್ಯೋಗಿಕ ಸುರಕ್ಷತಾ ಸಂಹಿತೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ದಿನಕ್ಕೆ 8 ಗಂಟೆಯ ಮಿತಿ, ಹೆಚ್ಚುವರಿಗೆ ದುಪ್ಪಟ್ಟು, ನೇಮಕಾತಿ ಪತ್ರ, ಇವುಗಳನ್ನು ಹೇಳುತ್ತದೆ. ₹10,000ದ ಮಿತಿ ಹೋಗಿದೆ. ಈಗ ಹಣದ ಮಿತಿ ಇರುವುದು ಮೇಲ್ವಿಚಾರಕರಿಗೆ, ಅದೂ ₹18,000.

ಈ ಸುರಕ್ಷತಾ ಸಂಹಿತೆಯ ಒಂದು ಮಾತು ಹೆಚ್ಚು ಚರ್ಚೆಗೆ ಬರಬೇಕು. ಕೆಲಸಗಾರರ ಒಪ್ಪಿಗೆ ಇದ್ದರೆ ಮಾತ್ರ ಹೆಚ್ಚುವರಿ ಕೆಲಸ ಮಾಡಿಸಬೇಕು ಎನ್ನುತ್ತದೆ ಅದು. ಓದಲು ಚೆನ್ನಾಗಿದೆ. ಆದರೆ ಮಾಲೀಕರ ಲೈನ್ ಮನೆಯಲ್ಲಿದ್ದು, ಮಗಳ ಮದುವೆಗೋ ಆಸ್ಪತ್ರೆಗೋ ಮುಂಗಡ ಪಡೆದವನು ಸಂಜೆ ಮೇಸ್ತ್ರಿ ಕರೆದಾಗ ಆಗುವುದಿಲ್ಲ ಎಂದು ಹೇಳಬಲ್ಲನೇ? ಮುಂಗಡದ ನೆರಳಿನಲ್ಲಿ ಕೊಟ್ಟ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ? ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ನಲವತ್ತು ವರ್ಷದ ನಂತರ, 2016ರಲ್ಲಿ, ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡ ಆದಿವಾಸಿ ಕುಟುಂಬಗಳಲ್ಲಿ ಅನೇಕರು ತೋಟಗಳ ಲೈನ್ ಮನೆ ಬಿಟ್ಟು ಬಂದವರೆಂಬುದನ್ನು ಮರೆಯಬಾರದು. ಸ್ವಂತ ಸೂರಿಲ್ಲದವರ ಒಪ್ಪಿಗೆಯನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ. 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತ್ತು. ಬೇರೆ ದಾರಿಯಿಲ್ಲದೆ ಒಪ್ಪಿದ್ದೂ ಬಲವಂತವೇ ಎಂಬುದು ಆ ತೀರ್ಪಿನ ತಿರುಳು.

ಹೋಂಸ್ಟೇ, ಕಾರ್ಖಾನೆ, ಬೆಂಗಳೂರು

ಕಕ್ಕಬೆಯಲ್ಲಿ ಈಗ ದುಡಿಮೆಯೆಂದರೆ ತೋಟ ಮಾತ್ರವಲ್ಲ. ತಡಿಯಂಡಮೋಳ್ ಹತ್ತಲು, ನಾಲ್ಕುನಾಡು ಅರಮನೆ ನೋಡಲು ಬರುವವರಿಗಾಗಿ ಹೋಂಸ್ಟೇಗಳು, ರೆಸಾರ್ಟುಗಳು ಎದ್ದಿವೆ. ಶುಕ್ರವಾರ ರಾತ್ರಿ ಬಂದವರಿಗೆ ಊಟ, ಶನಿವಾರ ನಸುಕಿಗೆ ಚಾರಣದವರಿಗೆ ತಿಂಡಿ, ರಾತ್ರಿ ಕ್ಯಾಂಪ್‌ಫೈರ್, ಮತ್ತೆ ಪಾತ್ರೆ. ಅಡುಗೆಯವರು, ಕೋಣೆ ಗುಡಿಸುವವರು, ಜೀಪಿನ ಡ್ರೈವರುಗಳು ವಾರಾಂತ್ಯದಲ್ಲಿ ಹದಿನಾಲ್ಕು ಗಂಟೆ ದುಡಿದರೂ ಸಂಬಳ ತಿಂಗಳ ಲೆಕ್ಕದ್ದು. ಹೋಟೆಲು, ವಸತಿಗೃಹಗಳನ್ನು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಒಳಗೊಳ್ಳುತ್ತದೆ: ದಿನಕ್ಕೆ 9, ವಾರಕ್ಕೆ 48 ಗಂಟೆ, ಓಟಿ ಸೇರಿ ದಿನಕ್ಕೆ 10, ಮೂರು ತಿಂಗಳಿಗೆ 50 ಗಂಟೆಯ ಓಟಿ, ಅದಕ್ಕೆ ದುಪ್ಪಟ್ಟು. ತಿಂಗಳ ಸಂಬಳವೆಂದರೆ ಎಷ್ಟು ಹೊತ್ತಿನ ಕೆಲಸವೂ ಅದರಲ್ಲೇ ಸೇರಿತು ಎಂಬ ನಂಬಿಕೆ ಮಾಲೀಕರಲ್ಲಿ ಮಾತ್ರವಲ್ಲ, ಕೆಲಸದವರಲ್ಲೂ ಬೇರೂರಿದೆ. ಕಾನೂನು ಹಾಗೆ ಹೇಳುವುದಿಲ್ಲ.

ರಾಜ್ಯದ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗಿನ ಕೆಲಸಕ್ಕೆ ದಾರಿ ಮಾಡಿತು. ಕೊಡಗಿನ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಿಗೂ ಆಗ ಕಾರ್ಖಾನೆ ಕಾಯ್ದೆಯೇ ಅನ್ವಯಿಸುತ್ತಿತ್ತು. 2025ರ ಜೂನ್‌ನಲ್ಲಿ ಅಂಗಡಿ ಕಾಯ್ದೆಯ ದಿನದ ಮಿತಿಯನ್ನು 9ರಿಂದ 10ಕ್ಕೆ, ಓಟಿ ಸೇರಿ 12ಕ್ಕೆ, ಮೂರು ತಿಂಗಳ ಓಟಿಯನ್ನು 50ರಿಂದ 144 ಗಂಟೆಗೆ ಏರಿಸುವ ಪ್ರಸ್ತಾವ ಬಂದಾಗ ಬೆಂಗಳೂರಿನ ಐಟಿ ನೌಕರರ ಸಂಘ ಬೀದಿಗಿಳಿಯಿತು. ಕೊಡಗಿನಿಂದ ಬೆಂಗಳೂರಿಗೆ ಹೋದ ಮಕ್ಕಳ ಹೋರಾಟ ಮತ್ತು ಊರಿನ ಲೈನ್ ಮನೆಯವರ ದುಡಿಮೆ ಒಂದೇ ಪ್ರಶ್ನೆಯ ಎರಡು ಮುಖ.

ಕೋವಿಡ್ ಕಾಲದಲ್ಲಿ ಹೆಚ್ಚುವರಿ ಗಂಟೆಯ ಪ್ರಶ್ನೆ ನ್ಯಾಯಾಲಯದಲ್ಲಿ ತೀರ್ಮಾನಕ್ಕೆ ಬಂತು. 2020ರ ಮೇ 22ರಂದು ಕರ್ನಾಟಕ ಕಾರ್ಖಾನೆಗಳಿಗೆ ದಿನಕ್ಕೆ 10, ವಾರಕ್ಕೆ 60 ಗಂಟೆಯ ಅವಕಾಶ ಕೊಟ್ಟು, ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್ 11ರಂದು ಹಿಂತೆಗೆದುಕೊಂಡಿತು. ಗುಜರಾತ್ ಇನ್ನೂ ಮುಂದೆ ಹೋಗಿ ದುಪ್ಪಟ್ಟು ದರವನ್ನೇ ಕೈಬಿಟ್ಟಿತ್ತು. ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿ, ದುಡಿದ ಹೆಚ್ಚುವರಿ ಗಂಟೆಗಳಿಗೆ ಕಾನೂನಿನಂತೆ ಹಣ ಕೊಡಿ ಎಂದಿತು. ಸಾಂಕ್ರಾಮಿಕದ ಭಾರವನ್ನು ಕೆಲಸಗಾರರ ಹೆಗಲಿಗೆ ಹೊರಿಸುವಂತಿಲ್ಲ ಎಂಬುದು ಅದರ ನಿಲುವು.

ಬೆಳೆಗಾರರ ಮಾತು

ಬೆಳೆಗಾರರ ಕಷ್ಟವನ್ನು ತಳ್ಳಿಹಾಕಿ ಈ ಚರ್ಚೆ ಮುಗಿಸುವುದು ನ್ಯಾಯವಲ್ಲ. 2000ರ ನಂತರದ ವರ್ಷಗಳಲ್ಲಿ ಬೆಲೆ ಕುಸಿದಾಗ ಸಾಲದಲ್ಲಿ ಮುಳುಗಿದ ಮನೆಗಳು ಇಲ್ಲಿ ಕಡಿಮೆಯಲ್ಲ. ಅಕಾಲ ಮಳೆ ಬಂದರೆ ಹಣ್ಣು ನೆಲ ಸೇರುತ್ತದೆ, ಆನೆ ನುಗ್ಗಿದರೆ ಗಿಡವೇ ಉಳಿಯುವುದಿಲ್ಲ. ಮನೆ, ಸೌದೆ, ನೀರು, ಆಸ್ಪತ್ರೆಗೆ ಜೀಪು, ಹಬ್ಬಕ್ಕೆ ಬಟ್ಟೆ ಎಲ್ಲವನ್ನೂ ಕೊಡುತ್ತೇವೆ, ಇದರ ಮೇಲೆ ಗಂಟೆಯ ಲೆಕ್ಕವೇ ಎಂದು ಕೇಳುವ ಸಾಹುಕಾರರಿದ್ದಾರೆ. ಅವರಲ್ಲಿ ಅನೇಕರು ಒಳ್ಳೆಯ ಮನಸ್ಸಿನವರು. ಆದರೂ ಕಾನೂನು ವಸತಿ, ಬೆಳಕು, ನೀರಿನ ಬೆಲೆಯನ್ನು ವೇತನದ ಲೆಕ್ಕಕ್ಕೆ ಸೇರಿಸುವುದಿಲ್ಲ, ದೊಡ್ಡ ತೋಟಗಳಲ್ಲಿ ವಸತಿ ಮಾಲೀಕರ ಕರ್ತವ್ಯವೇ ಆಗಿತ್ತು. ಉಪಕಾರವನ್ನು ಕೊಟ್ಟವರು ಯಾವಾಗ ಬೇಕಾದರೂ ನಿಲ್ಲಿಸಬಹುದು, ಕೂಲಿಯನ್ನು ನಿಲ್ಲಿಸುವಂತಿಲ್ಲ. ದುಡಿಯುವವರಿಗೆ ಬೇಕಾದ ಭರವಸೆ ಇರುವುದು ಈ ವ್ಯತ್ಯಾಸದಲ್ಲೇ.

ಇನ್ನೊಂದು ಮಾತು. ರೊಬಸ್ಟಾ ಬೆಲೆ 2024ರಲ್ಲಿ ಹಿಂದೆಂದೂ ಕಾಣದ ಎತ್ತರಕ್ಕೇರಿತು. ಕುಸಿತದ ಕಾಲದಲ್ಲಿ ಕೂಲಿ ಏರಿಸಲಾಗದು ಎಂದ ವಾದ ಏರಿಕೆಯ ಕಾಲದಲ್ಲಿ ಏನು ಹೇಳುತ್ತದೆ? ಆಳು ಸಿಗುತ್ತಿಲ್ಲ ಎಂದು ಕೊರಗುವ ತೋಟಕ್ಕೆ ಸರಿಯಾದ ಓಟಿಯೇ ಆಳು ಉಳಿಸಿಕೊಳ್ಳುವ ದಾರಿಯೂ ಹೌದು.

ಪುಸ್ತಕದಲ್ಲಿ ಒಂದು ಕಾಲಮು

ಅಸ್ಸಾಂ, ಪಶ್ಚಿಮ ಬಂಗಾಳದಿಂದ ಬಂದು ಕೊಡಗಿನ ತೋಟಗಳಲ್ಲಿ ದುಡಿಯುವವರಿಗೆ ಕನ್ನಡ ಓದಲು ಬಾರದು. ಯರವ, ಕುರುಬ ಸಮುದಾಯಗಳ ಹಿರಿಯರಲ್ಲಿ ಅನೇಕರು ಚೆಕ್‌ರೋಲಿಗೆ (ಹಾಜರಿ ಪುಸ್ತಕಕ್ಕೆ) ಹೆಬ್ಬೆಟ್ಟು ಒತ್ತುತ್ತಾರೆ. ಹೆಂಗಸರು ಬಟವಾಡೆಯ ದಿನ ಗಂಡನ ಕೂಲಿಯೊಂದಿಗೆ ಸೇರಿಸಿ ಒಂದೇ ಮೊತ್ತ ಎಣಿಸಿಕೊಳ್ಳುತ್ತಾರೆ. ಇವರಾರೂ ಮೂರು ವರ್ಷದ ಗಡುವಿನೊಳಗೆ ಕಲಮು ಹುಡುಕಿ ಅರ್ಜಿ ಬರೆಯುವವರಲ್ಲ. ಹಾಗಾಗಿ ಹಕ್ಕು ಅರ್ಜಿಗೆ ಮುಂಚೆ, ಪುಸ್ತಕದಲ್ಲೇ ಶುರುವಾಗಬೇಕು. ಹೊಣೆ ಮಾಲೀಕರದೆಂದು ಸಂಹಿತೆ ಹೇಳಿದರೂ ಎಷ್ಟು ಗಂಟೆ ದುಡಿದರೆಂಬ ಗುರುತೇ ಇಲ್ಲದಿದ್ದರೆ ಅಧಿಕಾರಿ ಯಾವುದನ್ನು ಲೆಕ್ಕ ಹಾಕಬೇಕು?

ಮಾಡಬೇಕಾದ್ದು ದೊಡ್ಡದೇನಲ್ಲ. ಹಾಜರಿ ಪುಸ್ತಕದಲ್ಲಿ ಕೆಲಸಕ್ಕೆ ಬಂದ ಹೊತ್ತು, ಬಿಟ್ಟ ಹೊತ್ತು ಎಂದು ಎರಡು ಕಾಲಮು ಬೇಕು. ಬಿಟ್ಟ ಹೊತ್ತೆಂದರೆ ಗಿಡ ಬಿಟ್ಟ ಹೊತ್ತಲ್ಲ, ತೂಕ ಮುಗಿದ ಹೊತ್ತು. ಕಿಲೋ ಲೆಕ್ಕದ ಕೂಲಿಯಲ್ಲೂ ಗಂಟೆ ಬರೆಯಬೇಕು, ಏಕೆಂದರೆ ಕಿಲೋ ಎಷ್ಟೇ ಕಡಿಮೆಯಾದರೂ ದಿನದ ಕನಿಷ್ಠ ಕೂಲಿ ಸಿಗಲೇಬೇಕೆಂದು ಕಾನೂನು ಹೇಳುತ್ತದೆ. ಪಲ್ಪರ್, ಪಂಪು, ಕಾವಲು, ಏಲಕ್ಕಿ ಮನೆಗಳಿಗೆ ಪಾಳಿ ಗೊತ್ತುಮಾಡಿದರೆ ಓಟಿಯ ಖರ್ಚೇ ಇಳಿಯುತ್ತದೆ. ವೇತನ ಚೀಟಿಯಲ್ಲಿ ಓಟಿ ಬೇರೆ ಸಾಲಾಗಿ ಬರಲಿ, ಅದು ಹಿಂದಿ, ಬಂಗಾಳಿ, ಅಸ್ಸಾಮಿಯಲ್ಲೂ ಇರಲಿ. ಕಾರ್ಮಿಕ ಇಲಾಖೆಯ ನಿರೀಕ್ಷಕರು ಕೊಯ್ಲಿನ ತಿಂಗಳಲ್ಲಿ, ಸಂಜೆ ಐದರ ನಂತರ ತೋಟಕ್ಕೆ ಬರಲಿ. ಮಧ್ಯಾಹ್ನ ಬಂದವರಿಗೆ ಹೆಚ್ಚುವರಿ ಗಂಟೆ ಕಾಣುವುದಿಲ್ಲ. ಹೆಂಗಸರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಆ ಮಾತನ್ನು ಲೈನ್ ಮನೆಗಳವರೆಗೆ ತರಬೇಕು.

ಸಾಮಾನ್ಯ ಕೆಲಸದ ದಿನ ಎಷ್ಟು ಗಂಟೆಯದು, ಓಟಿಗೆ ಮಿತಿ ಎಷ್ಟು ಎಂಬಂಥ ವಿಷಯಗಳನ್ನು ಹೊಸ ಸಂಹಿತೆಗಳು ಸರ್ಕಾರದ ನಿಯಮಗಳಿಗೆ ಬಿಟ್ಟಿವೆ. ಅಲ್ಲಿ ಕರ್ನಾಟಕ ಗಟ್ಟಿಯಾಗಿ ನಿಲ್ಲಬೇಕು. ತೋಟದ ಹಾಜರಿ ಪುಸ್ತಕದಲ್ಲಿ ಗಂಟೆ ಬರೆಯುವುದನ್ನು ಕಡ್ಡಾಯ ಮಾಡುವ ಒಂದು ಸಾಲು ಆ ನಿಯಮಗಳಲ್ಲಿ ಸೇರಿದರೆ, 1981ರಿಂದ ಕಾಗದದ ಮೇಲಿರುವ ಹಕ್ಕು ಮುಂದಿನ ಕೊಯ್ಲಿನ ಬಟವಾಡೆಯಲ್ಲೇ ರೂಪಾಯಿಯಾಗಿ ಕಾಣಿಸೀತು. ಸರ್ಕಾರದ ಆದೇಶಕ್ಕೆ ಕಾಯದೆ ಈ ಕೆಲಸ ಶುರುಮಾಡುವ ಬೆಳೆಗಾರರು ಕಕ್ಕಬೆಯಲ್ಲೇ ಇದ್ದಾರೆಂಬ ನಂಬಿಕೆ ನನಗಿದೆ. ಅವರಿಗೆ ಬೇಕಾಗಿರುವುದು ಒಂದು ಗಡಿಯಾರ, ಒಂದು ಪೆನ್ನು ಮತ್ತು ಎದುರು ನಿಂತವರ ದಿನಕ್ಕೂ ಕೊನೆಯಿದೆ ಎಂಬ ತಿಳಿವಳಿಕೆ.